ಪಟ್ಟಿಯಲ್ಲಿದ್ದ ಇಪ್ಪತ್ತನಾಲ್ಕು ಮನೆಗಳು

ಜನವರಿ 8

ಪ್ರೀತಿಯ ಗುಬ್ಬಿ,

‘ನೋಡುವ ಕಣ್ಣೊಂದಿದ್ದರೆ ಮೊಗ್ಗಿಗೂ ಅವಸರ.’ ಹೀಗೊಂದು ಸಾಲು ಬೆಳಗಿನಿಂದ ತಲೆಯಲ್ಲಿ ಸುತ್ತುತ್ತಿದೆ. ಎಂ.ಎ. ಓದುವಾಗ ಗೋಡೆಪತ್ರಿಕೆಗೆ ಸಹಪಾಠಿಯೊಬ್ಬಳು ಬರೆದ ಪದ್ಯದ್ದು. ಮುಂದಿನ ಸಾಲು ಮರೆತುಹೋಗಿದೆ. ಆಗ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ, ಈಗ ಯಾಕೋ ಅನುಮಾನ. ಯಾರೋ ನೋಡುತ್ತಿದ್ದಾರೆ ಎಂದು ಮೊಗ್ಗಿಗೆ ಹೇಗೆ ಗೊತ್ತಾಗುತ್ತದೆ? ಗೊತ್ತಾಗಿ ಅವಸರದಲ್ಲಿ ಅರಳಿದರೆ ಅದನ್ನು ಅರಳುವುದು ಎನ್ನಬಹುದೇ? ನಿನ್ನಣ್ಣನನ್ನು ಕೇಳಿದೆ. “ಮೊಗ್ಗಿನ ವಿಷಯ ಆಮೇಲೆ ನೋಡೋಣ, ಅಲ್ಲಿ ಹಾಲು ಉಕ್ತಾ ಇದೆ ನೋಡು” ಅಂದರು.

ಸುದ್ದಿ ಇದೆ. ನಿನ್ನ ಡಿಸೆಂಬರ್ ತಿಂಗಳ ಫಾರಂಗಳನ್ನು ಒಟ್ಟು ಮಾಡಿದೆವು. ನೀನು ಹೋಗಿ ನೋಡಿದ ಇಪ್ಪತ್ತನಾಲ್ಕು ಮನೆಗಳಲ್ಲಿ ಇಪ್ಪತ್ತೆರಡರಲ್ಲಿ ನೀರಿನ ಫಿಲ್ಟರ್ ಬಳಕೆಯಲ್ಲಿದೆ. ಸತತ ಆರನೆಯ ಸಲ ಇದೇ ಫಲ. ನಿರ್ದೇಶಕರು ನನ್ನ ಮೇಜಿನ ತನಕ ನಡೆದು ಬಂದು ಅಭಿನಂದಿಸಿದರು, ಅವರು ಆ ಕಡೆ ಬರುವುದು ಅಪರೂಪ. ಕಾಲೋನಿಗೆ ಕೊಟ್ಟ ಸಾವಿರದ ನೂರ ನಲವತ್ತು ಫಿಲ್ಟರ್‌ಗಳಲ್ಲಿ ಸಾವಿರಕ್ಕೂ ಹೆಚ್ಚು ನಡೆಯುತ್ತಿವೆ ಎಂದೇ ಈಗ ಎಲ್ಲರೂ ಹೇಳುತ್ತಿರುವುದು. ಹಾಗಾಗಿ ಏಪ್ರಿಲ್ ಒಂದರಿಂದ ಅಲ್ಲಿಗೆ ಟ್ಯಾಂಕರ್ ನೀರು ನಿಲ್ಲುತ್ತದೆ. ನದಿಯಿಂದ ಬರುವ ಕೊಳಾಯಿ ನೀರನ್ನೇ ಜನ ಸೋಸಿ ಕುಡಿಯಬಹುದಲ್ಲ. ಇನ್ನೂ ಆರು ಊರುಗಳಲ್ಲಿ ಇದೇ ಯೋಜನೆ ಶುರುವಾಗುತ್ತದೆ.

ಮಾರ್ಚ್‌ನಲ್ಲಿ ಹೊರಗಿನಿಂದ ಒಬ್ಬ ಮೌಲ್ಯಮಾಪಕಿ ಬರುತ್ತಾರೆ, ನಾವು ಹೇಳಿದ್ದು ನಿಜವೇ ಎಂದು ನೋಡಲು. ಫಾರಂಗಳನ್ನು ತಾರೀಖಿನ ಪ್ರಕಾರ ಜೋಡಿಸಿಡು.

ಆ ಮೊದಲ ಪಟ್ಟಿ ಮಾಡಿದ್ದು ನೆನಪಿದೆಯೇ? ಊಟದ ಮೇಜಿನ ಮುಂದೆ ಕೂತು ಎಲ್ಲ ಮನೆಗಳ ನಂಬರುಗಳನ್ನು ಚೀಟಿಗಳಲ್ಲಿ ಬರೆದು ಡಬ್ಬಿಗೆ ಹಾಕಿದೆ. ನಿನ್ನಣ್ಣ ಕಣ್ಣು ಮುಚ್ಚಿ ಇಪ್ಪತ್ತನಾಲ್ಕು ಚೀಟಿ ಎತ್ತಿದರು. ನಿಮ್ಮಮ್ಮ “ಲಾಟರಿ ಯಾರಿಗೆ ಹೊಡೀತು?” ಎಂದು ಒಳಗಿನಿಂದ ಕೂಗಿದ್ದರು.

ಮನೆಯ ವಿಳಾಸಕ್ಕೇ ಬರೆ. ಆಫೀಸಿನ ಫೋನಿನಲ್ಲಿ ನಾನು ನಿನಗೆ ಮೇಡಂ, ನೀನು ಕ್ಷೇತ್ರ ಕಾರ್ಯಕರ್ತೆ. ಅತ್ತಿಗೆ ನಾದಿನಿ ಆಗಿರುವುದು ಕಾಗದದಲ್ಲಿ ಮಾತ್ರ.

ನಿನ್ನ ಅತ್ತಿಗೆ

*

ಜನವರಿ 19

ಅತ್ತಿಗೆ,

ಹಾಲು ಉಕ್ಕಿತೋ ಉಳಿಯಿತೋ, ಅದನ್ನೇ ಬರೆಯಲಿಲ್ಲವಲ್ಲ!

ನಾನು ಚೆನ್ನಾಗಿದ್ದೇನೆ. ಕಾಲೋನಿಯ ಕೊನೆಯಲ್ಲಿ ಹಿಡಿದ ಕೋಣೆ ಅದೇ, ಕಿಟಕಿ ತೆಗೆದರೆ ಪಕ್ಕದ ಮನೆಯ ಟೈಲರಮ್ಮನ ಹೊಲಿಗೆ ಮೆಷಿನ್ ಕಾಣುತ್ತದೆ. ಅವಳ ಆರು ವರ್ಷದ ಮಗಳು ಚಿಂದಿ ಬಟ್ಟೆಯಲ್ಲಿ ನನಗೊಂದು ಗೊಂಬೆ ಮಾಡಿಕೊಟ್ಟಿದ್ದಾಳೆ. ಅದರ ಹೆಸರು ‘ಫಾರಂ ಆಂಟಿ’ಯಂತೆ.

ಡಿಸೆಂಬರ್ ಭೇಟಿಯ ತಮಾಷೆ ಹೇಳುತ್ತೇನೆ. 312ನೇ ಮನೆಯ ಅಜ್ಜಿ ನನ್ನನ್ನು ಕಂಡಕೂಡಲೇ, “ಏನ್ ತಾಯಿ, ಡಾಕ್ಟ್ರು ನಾಡಿ ನೋಡೋಕೂ ಇಷ್ಟು ಸಲ ಬರಲ್ಲ. ನಿಮ್ ಫಿಲ್ಟ್ರಿಗೆ ಅಂಥಾ ಏನ್ ಕಾಯ್ಲೆ?” ಅಂದರು. ನಾನು ಪೆನ್ನಿನ ಮುಚ್ಚಳ ತೆಗೆಯುವ ಮೊದಲೇ ಅವರ ಮೊಮ್ಮಗಳು ಕೈಕಟ್ಟಿ ನಿಂತು, “ದಿನಕ್ಕೆ ಎರಡು ಸಲ ಸೋಸುತ್ತೇವೆ, ಹದಿನೈದು ದಿನಕ್ಕೊಮ್ಮೆ ಮರಳು ತೊಳೆಯುತ್ತೇವೆ” ಎಂದು ಒಂದೇ ಉಸಿರಿಗೆ ಒಪ್ಪಿಸಿದಳು. ಅವಳಿಗೆ ನಮ್ಮ ಆರನೇ ಪ್ರಶ್ನೆ, ಏಳನೇ ಪ್ರಶ್ನೆ ಎಲ್ಲ ಬಾಯಿಪಾಠ. ಆಗದೆ ಏನು, ಹನ್ನೆರಡು ಸಲ ಅದೇ ಮನೆಗಳಿಗೆ ಹೋಗಿದ್ದೇನೆ. ನಿಮ್ಮ ಪಟ್ಟಿ ಮಡಿಕೆಯಲ್ಲಿ ಹರಿದು ಈಗ ಟೇಪಿನ ಮೇಲೆ ನಿಂತಿದೆ.

ಒಂದು ವಿಷಯ. ಟ್ಯಾಂಕರನ್ನು ಇನ್ನೊಂದು ವರ್ಷ ಬಿಡಲು ಹೇಳಲಾಗುವುದಿಲ್ಲವೇ? ಜನಕ್ಕೆ ಅಭ್ಯಾಸವಾಗಿದೆ, ಅಷ್ಟೇ. ಅಣ್ಣನಿಗೆ ಕೇಳಿದೆ ಎಂದು ಹೇಳಿ.

ಗುಬ್ಬಿ

*

ಫೆಬ್ರವರಿ 2

ಗುಬ್ಬಿ,

ನಿನ್ನ ಕಾಗದವನ್ನು ಎರಡು ಸಲ ಓದಿದೆ.

ಪಟ್ಟಿಯ ವಿಷಯವನ್ನು ಇನ್ನು ಮುಂದೆ ಬರೆಯಬೇಡ. ಮನೆಯ ವಿಳಾಸವಾದರೂ ಕಾಗದ ಕಾಗದವೇ. ಟ್ಯಾಂಕರ್ ನಿರ್ಧಾರ ನನ್ನ ಕೈಯಲ್ಲಿಲ್ಲ. ನಾನು ಕೊಟ್ಟಿದ್ದು ಸಂಖ್ಯೆ ಮಾತ್ರ.

ಆದರೂ ಕೇಳುತ್ತೇನೆ: ಫಿಲ್ಟರ್ ಇರುವ ಜನಕ್ಕೆ ಟ್ಯಾಂಕರ್ ಯಾಕೆ ಬೇಕು? ಅಭ್ಯಾಸ ಅಂದರೆ ಎಂಥ ಅಭ್ಯಾಸ?

ಇಲ್ಲಿ ನನ್ನನ್ನು ಹೊಸ ಕೋಣೆಗೆ ಕಳಿಸಿದ್ದಾರೆ. ಬಾಗಿಲ ಮೇಲೆ ‘ಮೌಲ್ಯಮಾಪನ ಮತ್ತು ಕಲಿಕೆ’ ಎಂಬ ಫಲಕ. ಎ.ಸಿ. ಹಾಕಿದ ಮೇಲೆ ಕಿಟಕಿಯ ಚೌಕಟ್ಟಿಗೆ ಸ್ಕ್ರೂ ಬಿಗಿದಿದ್ದಾರೆ, ತೆರೆಯುವುದಿಲ್ಲ. ಗಾಜಿನಾಚೆ ಒಂದು ಮರವಿದೆ. ಗಾಳಿ ಬಂದಾಗ ಅಲ್ಲಾಡುವುದು ಕಾಣುತ್ತದೆ, ಸದ್ದು ಕೇಳಿಸುವುದಿಲ್ಲ.

ಅತ್ತಿಗೆ

*

ಫೆಬ್ರವರಿ 14

ಅತ್ತಿಗೆ,

ಬರೆಯಬೇಡ ಅಂದಿರಿ. ಎಂಥ ಅಭ್ಯಾಸ ಎಂದೂ ಕೇಳಿದಿರಿ. ಎರಡನೆಯದಕ್ಕೆ ಉತ್ತರ ಕೊಡುತ್ತೇನೆ.

ಕಳೆದ ಭಾನುವಾರ ಮೊದಲ ಸಲ ಪಟ್ಟಿಯಲ್ಲಿಲ್ಲದ ಮನೆಗಳಿಗೆ ಹೋದೆ. ಕೈಯಲ್ಲಿ ಫಾರಂ ಇಲ್ಲ, ಕುತ್ತಿಗೆಯಲ್ಲಿ ಗುರುತಿನ ಕಾರ್ಡ್ ಇಲ್ಲ. ಹಿಂದಿನ ಗಲ್ಲಿಯ ನಲವತ್ತು ಮನೆ. ಫಿಲ್ಟರ್ ನಡೆಯುತ್ತಿದ್ದುದು ಐದರಲ್ಲಿ.

ಒಂದು ಮನೆಯಲ್ಲಿ ಅದರ ಮೇಲೆ ಟಿ.ವಿ. ಕೂತಿದೆ. ಒಂದರಲ್ಲಿ ಈರುಳ್ಳಿ ತುಂಬಿದ್ದಾರೆ, ಇನ್ನೊಂದರಲ್ಲಿ ಬೆಕ್ಕು ಮರಿ ಹಾಕಿದೆ, ಮೂರು ಮರಿ, ಕಣ್ಣೂ ಬಿಟ್ಟಿಲ್ಲ. ಟೈಲರಮ್ಮನ ಮನೆಯಲ್ಲಿ ಕೊಡೆಗಳನ್ನು ನಿಲ್ಲಿಸಿದ್ದಾರೆ. ಮೂರು ವರ್ಷದಿಂದ ಕಿಟಕಿಯಲ್ಲಿ ಮಾತಾಡುತ್ತಿದ್ದೇವೆ, ಅವಳ ಅಡುಗೆಮನೆಗೆ ನಾನು ಕಾಲಿಟ್ಟಿದ್ದು ಈಗ.

“ಯಾಕೆ ಬಳಸಲ್ಲ?” ಎಂದು ಕೇಳಿದೆ.

“ಮರಳು ಕಟ್ಕೊಂಡು ನೀರು ಇಳಿಯೋದೇ ನಿಂತೋಯ್ತು ಕಣಕ್ಕಾ, ಮೊದಲನೇ ವರ್ಷವೇ. ಇಳಿದ್ರೂ ನಾತ. ಮರಳು ಬದಲಾಯ್ಸೋನನ್ನ ಕರದ್ರೆ, ‘ನಿಮ್ ನಂಬರ್ ಪಟ್ಟೀಲಿ ಇಲ್ಲ’ ಅಂತಾನೆ. ಟ್ಯಾಂಕರ್ ಬರುತ್ತಲ್ಲ, ಅದನ್ನೇ ಕುಡೀತೀವಿ. ಕೊಳಾಯಿ ನೀರು ಪಾತ್ರೆಗೆ, ಬಟ್ಟೆಗೆ.”

ಅವನನ್ನೂ ಹಿಡಿದು ಕೇಳಿದೆ. ಜೇಬಿನಿಂದ ನಮ್ಮ ಪಟ್ಟಿಯ ಜೆರಾಕ್ಸ್ ತೆಗೆದು ತೋರಿಸಿದ. “ಸಾವ್ರ ಮನೆಗೆ ನಾನೊಬ್ಬ ಅಕ್ಕಾ. ಎಲ್ಲಿ ನೋಡ್ತಾರೋ ಅಲ್ಲಿ ಚೆನ್ನಾಗಿರ್ಬೇಕು ತಾನೇ? ನೀವೂ ಅಲ್ಲಿಗೇ ಹೋಗ್ತೀರ, ನಾನೂ ಅಲ್ಲಿಗೇ ಹೋಗ್ತೀನಿ” ಎಂದು ನಕ್ಕ. ಆ ಜೆರಾಕ್ಸ್ ಕೊಟ್ಟವಳು ನಾನೇ, ಮೊದಲ ವರ್ಷ, ಅವನಿಗೆ ದಾರಿ ಗೊತ್ತಾಗಲಿ ಎಂದು.

ನಾವು ನೋಡುವ ಮನೆಗಳಲ್ಲಿ ಮಾತ್ರ ಫಿಲ್ಟರ್ ನಡೆಯುತ್ತಿದೆ ಅತ್ತಿಗೆ. ಏಪ್ರಿಲ್‌ನಲ್ಲಿ ಟ್ಯಾಂಕರ್ ನಿಂತರೆ ಉಳಿದವರೆಲ್ಲ ನದಿಯ ನೀರನ್ನೇ ಹಾಗೇ ಕುಡಿಯಬೇಕು. ಕಾಯಿಸಿ ಕುಡಿಯಿರಿ ಎಂದರೆ, “ಅನ್ನಕ್ಕೇ ಉರಿ ಸಾಲ್ದು” ಎನ್ನುತ್ತಾರೆ.

‘ಈ ಪಟ್ಟಿ ಬಿಟ್ಟು ಒಂದು ಹೆಜ್ಜೆಯೂ ಆಚೆ ಇಡಬೇಡ’ ಎಂದು ನೀವೇ ಬರೆದಿದ್ದಿರಿ. ನನಗಿಂತ ಮುಂಚೆ ಇದ್ದವನು ಚಹಾದಂಗಡಿಯಲ್ಲಿ ಕೂತು ಫಾರಂ ತುಂಬುತ್ತಿದ್ದ ಎಂದು. ನಾನು ಹಾಗೇ ನಡೆದೆ. ಪ್ರತಿ ಸಲ ಹೊಸ ಪಟ್ಟಿ ಬರಬೇಕಿತ್ತೇ? ನಿಮಗೂ ಇದು ಗೊತ್ತಿರಲಿಲ್ಲ, ಅಲ್ಲವೇ?

ಗುಬ್ಬಿ

*

ಮಾರ್ಚ್ 1

ಗುಬ್ಬಿ,

ಹದಿನೈದು ದಿನ ತಡೆದೆ. ಮೂರು ಕಾಗದ ಬರೆದು ಹರಿದೆ.

ನಿನ್ನ ಪ್ರಶ್ನೆಗೆ ಉತ್ತರ: ಗೊತ್ತಿತ್ತು.

ಪ್ರತಿ ಮೂರು ತಿಂಗಳಿಗೆ ಹೊಸ ಚೀಟಿ ಎತ್ತಿ ಹೊಸ ಪಟ್ಟಿ ಕಳಿಸಬೇಕು, ಅದೇ ನಿಯಮ. ಎರಡನೆಯ ಸಲ ಕಳಿಸಬೇಕಾದಾಗ ಅಮ್ಮ ಆಸ್ಪತ್ರೆಯಲ್ಲಿದ್ದರು. ಆ ನಲವತ್ತು ದಿನ ನಾನು ಆ ಕಬ್ಬಿಣದ ಮಂಚದ ಪಕ್ಕದ ಸ್ಟೂಲಿನ ಮೇಲಿದ್ದೆ. ಮರೆತೆ. ನೀನು ಹಳೆಯ ಪಟ್ಟಿ ಹಿಡಿದೇ ಹೋದೆ. ಮೂರನೆಯ ಸಲ ಅಮ್ಮ ಇರಲಿಲ್ಲ, ನನಗೆ ಯಾವುದೂ ನೆನಪಿರಲಿಲ್ಲ.

ಮೊದಲ ಸಲ ಬಳಕೆ ಕಂಡಿದ್ದು ಒಂಬತ್ತು ಮನೆಯಲ್ಲಿ. ಆಮೇಲೆ ಹದಿಮೂರು, ಹದಿನೇಳು, ಹೀಗೆ. ಇಪ್ಪತ್ತೆರಡು ಬಂದ ದಿನ ನಿರ್ದೇಶಕರು ಸಭೆಯಲ್ಲಿ ಎಲ್ಲರೆದುರು ನಿನ್ನ ಊರನ್ನು ಹೊಗಳಿದರು. ಖುಷಿಯಿಂದ ಹಳೆಯ ಫಾರಂಗಳನ್ನು ತೆಗೆದು ನೋಡುತ್ತಾ ಕೂತೆ. 312. ಮತ್ತೆ 312. ಮತ್ತೆ. ಅದು ಎರಡನೆಯ ವರ್ಷ, ಗುಬ್ಬಿ. ಆ ಹೊತ್ತಿಗೇ ಹೊಸ ಪಟ್ಟಿ ಕಳಿಸಬಹುದಿತ್ತು. ಕಳಿಸಿದ್ದರೆ ಇಪ್ಪತ್ತೆರಡು ಮತ್ತೆ ಒಂಬತ್ತಾಗುತ್ತಿತ್ತು, ಯಾಕೆಂದು ಕೇಳುತ್ತಿದ್ದರು. ಮುಂದಿನ ಸಲ ಸರಿಮಾಡೋಣ ಎಂದು ಫೈಲು ಮುಚ್ಚಿದೆ. ಆ ‘ಮುಂದಿನ ಸಲ’ ಐದು ಸಲ ಬಂದು ಹೋಯಿತು. ಅಷ್ಟು ಕೆಟ್ಟಿರಲಾರದು ಎಂದು ನನಗೆ ನಾನೇ ಹೇಳಿಕೊಂಡೆ. ಬೆಕ್ಕಿನ ಮರಿಗಳ ಬಗ್ಗೆ ಓದುವ ತನಕ ಅದನ್ನು ನಂಬಿಯೂ ಇದ್ದೆ.

ಈಗ ಕೇಳಬಾರದ್ದನ್ನು ಕೇಳುತ್ತೇನೆ. ಮೌಲ್ಯಮಾಪಕಿ ಹತ್ತನೆಯ ತಾರೀಖು ಬರುತ್ತಾರೆ. ಪಟ್ಟಿಯ ಮೂರು ಮನೆ ನೋಡುತ್ತಾರೆ. ತೋರಿಸು. ಹೆಚ್ಚು ಮಾತಾಡಬೇಡ. ಅವರು ಹೋದ ಮೇಲೆ ನಾನೇ ಸದ್ದಿಲ್ಲದೆ ಹೊಸ ಪಟ್ಟಿ ಕಳಿಸುತ್ತೇನೆ, ಟ್ಯಾಂಕರನ್ನೂ ಮುಂದೂಡಿಸುತ್ತೇನೆ. ಈಗ ಬಾಯಿಬಿಟ್ಟರೆ ನನ್ನ ಕೆಲಸ ಮಾತ್ರ ಹೋಗುವುದಿಲ್ಲ. ನಿನ್ನನ್ನು ಸೇರಿಸಿಕೊಂಡಾಗ ‘ಸಂಬಂಧಿಕರಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಿದವಳು ನಾನು. ಅತ್ತಿಗೆ ನಾದಿನಿ ಸೇರಿ ಸಂಖ್ಯೆ ಹೆಣೆದರು ಎನ್ನುತ್ತಾರೆ, ಮರೆವು ಎಂದು ಯಾರೂ ನಂಬುವುದಿಲ್ಲ. ಆ ಕೆಲಸವಿಲ್ಲದಿದ್ದರೆ ನೀನು ಬಿಟ್ಟುಬಂದ ಗಂಡನ ಮನೆಗೇ ಮತ್ತೆ ಹೋಗಬೇಕಾಗುತ್ತದೆ ಎಂದು ಇಬ್ಬರಿಗೂ ಗೊತ್ತು.

ಅಮ್ಮನ ಹೆಸರು ಎತ್ತಬಾರದಿತ್ತು. ಎತ್ತಿದ್ದೇನೆ, ಹೊಡೆದುಹಾಕುವುದಿಲ್ಲ.

ಅತ್ತಿಗೆ

*

ಮಾರ್ಚ್ 12

ಅತ್ತಿಗೆ,

ಅವರು ಬಂದು ಹೋದರು. ಮೆಲುದನಿಯ ಹೆಂಗಸು, ಬಿಳಿ ಕೂದಲು, ಮೊಣಕಾಲು ನೋವು. ಪ್ರತಿ ಮನೆಯಲ್ಲೂ ಕೂರಲು ಕುರ್ಚಿ ಕೇಳಿದರು, ನೀರು ಕೇಳಿ ಕುಡಿದರು.

ಮೂರೂ ಮನೆಗಳಲ್ಲಿ ಎಲ್ಲ ಸರಿಯಾಗಿತ್ತು. 312ರ ಅಜ್ಜಿ ಫಿಲ್ಟರಿಗೆ ಹೂವಿನ ಚಿತ್ರದ ಬಟ್ಟೆ ಹೊದಿಸಿದ್ದರು. “ಇದು ಬಂದ್ಮೇಲೆ ನಮ್ಮನೇಲಿ ಹೊಟ್ಟೆನೋವು ಅನ್ನೋ ಮಾತೇ ಇಲ್ಲ ಮೇಡಮ್ಮೋರೆ” ಅಂದರು. ಅದು ನಿಜ. ಅವರ ಮನೆಯ ಮಟ್ಟಿಗೆ ಪೂರಾ ನಿಜ, ಅದೇ ಕಷ್ಟ. ಹೊರಡುವಾಗ ನನ್ನ ಕಿವಿಯಲ್ಲಿ, “ಚೆನ್ನಾಗಿ ಹೇಳಿದ್ನಾ? ಇನ್ನೆಷ್ಟು ದಿನ ತಾಯಿ ಹೀಗೆ? ಊರಿಗೆ ಹೋಗೋಕೂ ಬಿಡಲ್ಲ ನಿಮ್ ಪರೀಕ್ಷೆ” ಎಂದರು. ಯಾಕೆ ಗೊತ್ತೇ? ಬರುವ ಹಿಂದಿನ ದಿನ ನಾನೇ ಎಲ್ಲ ಮನೆಗೂ ಹೇಳಿ ಕಳಿಸುತ್ತೇನೆ. ಎರಡು ವರ್ಷದಿಂದ. ಬಾಗಿಲು ಹಾಕಿದ್ದರೆ ಫಾರಂ ಖಾಲಿ ಉಳಿಯುತ್ತದೆ, ಖಾಲಿ ಉಳಿದರೆ ನಿಮ್ಮ ಆಫೀಸಿನಿಂದ ಫೋನು ಬರುತ್ತದೆ. ಇದನ್ನು ನಿಮಗೆ ಹೇಳಿರಲಿಲ್ಲ. ನಾನೂ ಟ್ಯಾಂಕರ್ ನೀರನ್ನೇ ಕುಡಿಯುತ್ತೇನೆ ಎಂದೂ ಹೇಳಿರಲಿಲ್ಲ.

ಜೀಪು ಹತ್ತುವ ಮೊದಲು ಅವರು ನಿಂತರು. “ನೀನು ಮೂರು ವರ್ಷ ಇಲ್ಲೇ ಇದೀಯ. ನಾನು ಕೇಳದೇ ಇರೋದು ಏನಾದ್ರೂ ಇದ್ಯೇನಮ್ಮಾ?” ಎಂದರು.

ಎದುರಿಗೆ ಟೈಲರಮ್ಮ ಬಿಂದಿಗೆ ಹಿಡಿದು ಟ್ಯಾಂಕರ್ ಸಾಲಿನಲ್ಲಿ ನಿಂತಿದ್ದಳು. ನನ್ನನ್ನು ನೋಡಿ ನಕ್ಕಳು.

“ಇಲ್ಲ ಮೇಡಂ” ಎಂದೆ.

ಗುಬ್ಬಿ

*

ಮಾರ್ಚ್ 21

ಗುಬ್ಬಿ,

ವರದಿ ಬಂತು. ‘ಮಾದರಿ ಯೋಜನೆ’ ಎಂದಿದ್ದಾರೆ. ಆಫೀಸಿನಲ್ಲಿ ಕೇಕ್ ಕತ್ತರಿಸಿದರು, ಚಾಕು ನನ್ನ ಕೈಗೆ ಕೊಟ್ಟರು.

ಮಾರನೆಯ ದಿನ ನಿರ್ದೇಶಕರ ಕೋಣೆಗೆ ಹೋದೆ. ಪಟ್ಟಿಯಲ್ಲಿ ಒಂದು ತಾಂತ್ರಿಕ ದೋಷವಿದೆ, ಮತ್ತೊಮ್ಮೆ ಬೇರೆ ಮನೆಗಳನ್ನು ನೋಡುವ ತನಕ ಟ್ಯಾಂಕರ್ ಇರಲಿ ಎಂದೆ. ಅವರು ಒಳ್ಳೆಯ ಮನುಷ್ಯರೇ. ಕನ್ನಡಕ ತೆಗೆದು ಒರೆಸುತ್ತಾ ಅಂದರು: “ಮೇಡಂ, ಟ್ಯಾಂಕರ್‌ಗಳನ್ನ ಆಗಲೇ ಬೇರೆ ಊರಿಗೆ ಹಂಚಿ ಆಗಿದೆ. ಈ ಯೋಜನೇಲಿ ಕಲಿಯೋದು ಮುಗೀತು. ಇನ್ನೇನಾದ್ರೂ ಕಲಿಯೋದಿದ್ರೆ ಮುಂದಿನ ಯೋಜನೇಲಿ ಕಲಿಯೋಣ.” ಆಮೇಲೆ ಕನ್ನಡಕ ಹಾಕಿಕೊಂಡು, “ದೋಷ ಯಾರದ್ದು?” ಎಂದು ಕೇಳಿದರು.

‘ನನ್ನದು’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. “ವಿಚಾರಿಸಿ ಹೇಳ್ತೀನಿ ಸರ್” ಎಂದು ಹೊರಗೆ ಬಂದೆ.

ನೀನು ‘ಇಲ್ಲ ಮೇಡಂ’ ಎಂದೆ, ನಾನು ‘ವಿಚಾರಿಸಿ ಹೇಳ್ತೀನಿ’ ಎಂದೆ. ನಿನಗೆ ಹಾಗೆ ಹೇಳು ಎನ್ನಲು ನಾನಿದ್ದೆ. ನನಗೆ ಯಾರೂ ಹೇಳಿರಲಿಲ್ಲ.

ಕಾಗದ ಹಾಕು.

ಅತ್ತಿಗೆ

*

ಏಪ್ರಿಲ್ 6

ಗುಬ್ಬಿ,

ಕಾಗದವಿಲ್ಲ. ಆದರೆ ಆಫೀಸಿಗೆ ಮಾರ್ಚ್ ತಿಂಗಳ ಫಾರಂಗಳ ಕಟ್ಟು ಬಂತು. ನಿನ್ನದೇ ಅಕ್ಷರ, ಇಪ್ಪತ್ತನಾಲ್ಕು ಫಾರಂ. 312 ಇಲ್ಲ. ಹಳೆಯ ಒಂದು ನಂಬರೂ ಇಲ್ಲ. ಇಪ್ಪತ್ತನಾಲ್ಕರಲ್ಲಿ ಮೂರು ಮನೆಯಲ್ಲಿ ಬಳಕೆ. ಕಟ್ಟಿನ ಜೊತೆ ಒಂದು ಸಣ್ಣ ಚೀಲದಲ್ಲಿ ನೀನೇ ಬರೆದು ಎತ್ತಿದ ಚೀಟಿಗಳು. ಕಡತಕ್ಕೆ ಸೇರಿಸಲಿ ಎಂದೇ, ನಾನು ನೋಡಲಿ ಎಂದೇ?

ಗುಮಾಸ್ತೆ ಕಟ್ಟು ಬಿಚ್ಚುವ ಮೊದಲೇ ನನ್ನ ಕೈಗೆ ಸಿಕ್ಕಿತು. ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಇದನ್ನು ದಾಖಲಿಸಿದರೆ, ಕಳೆದ ತಿಂಗಳು ಹೊಗಳಿದ ಮೌಲ್ಯಮಾಪಕಿಯಿಂದ ಹಿಡಿದು ಎಲ್ಲರೂ ಕೇಳುವ ಮೊದಲ ಪ್ರಶ್ನೆ ‘ಈ ಹುಡುಗಿ ಯಾರು’ ಎಂದು. ಎರಡನೆಯದು ‘ಇವಳನ್ನು ಸೇರಿಸಿದ್ದು ಯಾರು’. ನದಿಯ ನೀರಿನ ವಿಷಯ ಆರನೆಯದೋ ಏಳನೆಯದೋ ಪ್ರಶ್ನೆಯಾಗುತ್ತದೆ.

ಇದರೊಂದಿಗೆ ಖಾಲಿ ಫಾರಂಗಳನ್ನೂ ಹಳೆಯ ಪಟ್ಟಿಯ ಹೊಸ ಪ್ರತಿಯನ್ನೂ ಕಳಿಸಿದ್ದೇನೆ. ಹದಿನಾರನೆಯ ತಾರೀಖಿನ ಒಳಗೆ ಆ ಮನೆಗಳಿಗೆ ಹೋಗಿ ತುಂಬಿಸಿ ಕಳಿಸು. ಇದು ಅತ್ತಿಗೆ ಹೇಳುತ್ತಿರುವುದೋ ಮೇಡಂ ಹೇಳುತ್ತಿರುವುದೋ ನನಗೇ ತಿಳಿಯದು. ನಿನ್ನಣ್ಣ, “ಏನಾಗಿದೆ ನಿನಗೆ, ಅನ್ನದ ಮುಂದೆ ಕೂತು ಗೋಡೆ ನೋಡ್ತೀಯ” ಎನ್ನುತ್ತಾರೆ. ಏನೂ ಇಲ್ಲ ಎನ್ನುತ್ತೇನೆ.

ಟ್ಯಾಂಕರ್ ನಿಂತಿತೇ? ಜನ ಹೇಗಿದ್ದಾರೆ?

ಅತ್ತಿಗೆ

*

ಏಪ್ರಿಲ್ 15

ಅತ್ತಿಗೆ,

ಟ್ಯಾಂಕರ್ ಒಂದನೆಯ ತಾರೀಖಿಗೇ ನಿಂತಿತು. ಮೊದಲ ಮೂರು ದಿನ ಜನ ಬಿಂದಿಗೆ ಹಿಡಿದು ಅದೇ ಜಾಗದಲ್ಲಿ ಸಾಲು ನಿಂತರು, ಬರಬಹುದು ಎಂದು. ನಾನೂ ನಿಂತೆ. ನಾಲ್ಕನೆಯ ದಿನ ಯಾರೂ ಬರಲಿಲ್ಲ. ಎಂಟನೆಯ ದಿನದಿಂದ ಹಿಂದಿನ ಗಲ್ಲಿಯ ಮಕ್ಕಳಿಗೆ ವಾಂತಿ, ಭೇದಿ. ಆರೋಗ್ಯ ಕೇಂದ್ರದ ನರ್ಸಮ್ಮ ಉಪ್ಪು ಸಕ್ಕರೆಯ ಪೊಟ್ಟಣ ಹಂಚುತ್ತಾ, “ನೀರು ಸೋಸಿ ಕುಡೀರಿ ಅಂತ ಹೇಳೋಕೆ ನೀವೇ ಇದೀರಲ್ಲ” ಎಂದು ನನಗೇ ಹೇಳಿದರು. ಮರಳು ಬದಲಿಸುವವನ ಕೈಕಾಲು ಹಿಡಿದು ಹನ್ನೊಂದು ಮನೆ ಮಾಡಿಸಿದೆ. ಮರಳೇ ಮುಗಿಯಿತು. ಉಳಿದದ್ದನ್ನು ಪಟ್ಟಿಯ ಮನೆಗಳಿಗೆಂದು ಎತ್ತಿಟ್ಟಿದ್ದಾನೆ.

ಚೀಟಿಗಳನ್ನು ಕಳಿಸಿದ್ದು ನೀವು ನೋಡಲಿ ಎಂದು. ಆ ಫಾರಂಗಳ ಪ್ರತಿ ನನ್ನ ಬಳಿ ಇಲ್ಲ. ಬೇಕೆಂದೇ ಇಟ್ಟುಕೊಳ್ಳಲಿಲ್ಲ. ಮೌಲ್ಯಮಾಪಕಿಯ ವಿಳಾಸ ನನ್ನಲ್ಲಿದೆ, ಕವರಿನ ಮೇಲೆ ಬರೆದೂ ಬಿಟ್ಟಿದ್ದೆ. ಆಗ ಅಮ್ಮನ ಬೆನ್ನಿಗೆ ನೀವು ಪೌಡರ್ ಹಚ್ಚುತ್ತಿದ್ದುದು ನೆನಪಾಯಿತು. ನಾನು ಬಂದಿದ್ದು ಎರಡೇ ದಿನ, ನೀವು ನಲವತ್ತು ದಿನವೂ ಇದ್ದಿರಿ. ಕವರನ್ನು ಒಳಗಿಟ್ಟೆ. ಯಾರಿಗಾದರೂ ಹೇಳುವುದಿದ್ದರೆ ಮೊದಲು ನಿಮಗೇ ಎಂದು ಕಟ್ಟು ಕಳಿಸಿದೆ. ನೀವು ಅದಕ್ಕೆ ಬೀಗ ಹಾಕಿದಿರಿ.

ನನಗೆ ಸಿಟ್ಟಿಲ್ಲ ಎಂದು ಬರೆಯಲು ಹೊರಟೆ. ಸಿಟ್ಟಿದೆ. ಕೆಲಸ ಬಿಡೋಣವೆಂದರೆ, ನಾಳೆ ಬರುವವಳು ಅದೇ ಪಟ್ಟಿ ಹಿಡಿದು ಅದೇ ಮನೆಗಳ ಬಾಗಿಲು ತಟ್ಟುತ್ತಾಳೆ, ಅವಳಿಗೆ ಹಿಂದಿನ ಗಲ್ಲಿ ಇದೆ ಎಂದೂ ತಿಳಿಯುವುದಿಲ್ಲ. ಇಲ್ಲೇ ಇದ್ದರೆ ತಟ್ಟುವವಳು ನಾನು.

ನಿಮ್ಮ ಖಾಲಿ ಫಾರಂಗಳು ಮಂಚದ ಮೇಲಿವೆ. ಭೇಟಿ ನಾಳೆ ಎಂದು ಯಥಾಪ್ರಕಾರ ಎಲ್ಲ ಮನೆಗೂ ಸುದ್ದಿ ಮುಟ್ಟಿದೆ. ಈ ಸಲ ನಾನು ಹೇಳಿ ಕಳಿಸಿಲ್ಲ, ಹದಿನಾರೇ ಕೊನೆಯ ದಿನ ಎಂದು ನನ್ನಿಂದ ತಿಳಿದು ಮರಳಿನವನೇ ಹೇಳಿಬಂದಿದ್ದಾನೆ. ಹೋಗುತ್ತೇನೋ ಇಲ್ಲವೋ, ಈ ಸಾಲು ಬರೆಯುವಾಗಲೂ ನನಗೆ ಗೊತ್ತಿಲ್ಲ.

ಬೀರುವಿನ ಬೀಗ ತೆಗೆಯಿರಿ ಅತ್ತಿಗೆ. ಅಮ್ಮನ ಋಣ ತೀರಿಸಲು ನನ್ನ ಹತ್ತಿರ ಇನ್ನೇನಾದರೂ ಕೇಳಿ. ಇದನ್ನು ಬೇಡ.

ಇಷ್ಟು ಬರೆದು ಅಂಟಿಸಬೇಕೆನ್ನುವಷ್ಟರಲ್ಲಿ ಬೆಳಗಿನ ಎಂಟು ಗಂಟೆಗೆ ಯಾರೋ ಬಾಗಿಲು ಬಡಿದರು. ತೆಗೆದರೆ ಟೈಲರಮ್ಮ. ಹೆಗಲ ಮೇಲೆ ಮಗಳು, ಎರಡು ದಿನದಿಂದ ಹೊಟ್ಟೆಯಲ್ಲಿ ಏನೂ ನಿಂತಿಲ್ಲ, ಕಣ್ಣು ಒಳಗೆ ಹೋಗಿದೆ. ಆರೋಗ್ಯ ಕೇಂದ್ರಕ್ಕೆ ಹೋಗೋಣ ಎಂದು ಚಪ್ಪಲಿ ಮೆಟ್ಟಿದೆ. “ಅಲ್ಲಿಂದಲೇ ಬಂದೆ, ಪುಡಿ ಕೊಟ್ರು. ಅದನ್ನ ಕಲಸೋದೂ ಈ ನೀರಲ್ಲೇ ತಾನೇ” ಎಂದಳು. ಒಳಗೆ ಬಾ ಎಂದರೂ ಬರಲಿಲ್ಲ. ಮಂಚದ ಮೇಲಿನ ಫಾರಂಗಳನ್ನು ನೋಡಿದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕೊಂಕೂ ಇರಲಿಲ್ಲ. ಬಟ್ಟೆಯ ಅಳತೆ ಕೇಳುವ ಹಾಗೆ ಕೇಳಿದಳು:

“ನಾಳೆ ಪಟ್ಟಿ ಮನೆಗಳಿಗೆ ಹೋಗ್ತೀಯಂತಲ್ಲಕ್ಕಾ. ಇವಳನ್ನೂ ಕರ್ಕೊಂಡ್ಹೋಗಿ ಅಲ್ಲೇ ಯಾರ ಮನೇಲಾದ್ರೂ ನಾಲ್ಕು ದಿನ ಇರಿಸ್ಬಿಡು. ನೀವು ನೋಡೋ ಮನೇಲಿ ಯಾರಿಗೂ ಏನೂ ಆಗಲ್ವಂತೆ.”